ಉಕ್ಕುರೇಷ್ಮೆಗೆ ಹತ್ತು ಉಗುರು

ಸೋಫಾ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಮಾರಾಟಕ್ಕೆ ನಿಂತಿದ್ದ ಆತನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗ್ಯಾರಂಟಿ. ಮೊದಲಿನ ಹೆಸರು ಇಟ್ಟವರ ಬಾಯಲ್ಲೇ, ಅಂದರೆ ಹೆತ್ತ ತಾಯಿಯ ಬಾಯಲ್ಲೇ, ಈಗ ಇದೇ ಬರುತ್ತಿತ್ತು: “ಏ ಗ್ಯಾರಂಟಿ, ಗೇಟು ಹಾಕ್ಕೊಂಡು ಹೋಗು.”

ಈ ಬಿರುದು ಅವನಿಗೆ ಪುಕ್ಕಟೆ ಬಂದದ್ದಲ್ಲ. ಗಿರಾಕಿ ಬಾಗಿಲು ದಾಟಿ ಎರಡು ಹೆಜ್ಜೆ ಒಳಗಿಟ್ಟರೆ ಸಾಕು, ಅವನ ನಾಲಿಗೆಗೆ ರೆಕ್ಕೆ ಮೂಡುತ್ತಿತ್ತು. ಅದರಲ್ಲೂ ಉಕ್ಕುರೇಷ್ಮೆಯ ಮಾತು ಬಂದರೆ ಮುಗಿದೇ ಹೋಯಿತು. ಉಕ್ಕುರೇಷ್ಮೆ ಎಂಬುದು ಸೋಫಾಕ್ಕೆ ಹೊದಿಸುವ ಒಂದು ಬಗೆಯ ದಪ್ಪ ಬಟ್ಟೆ. ಹೆಸರು ಕೊಟ್ಟವರು ಅಂಗಡಿಯ ಯಜಮಾನರು. ಅದರಲ್ಲಿ ಉಕ್ಕೂ ಇರಲಿಲ್ಲ, ರೇಷ್ಮೆಯೂ ಇರಲಿಲ್ಲ. ಇದ್ದದ್ದು ಯಜಮಾನರ ಧೈರ್ಯ ಮಾತ್ರ.

“ಮನೇಲಿ ಬೆಕ್ಕಿದೆ, ನಾಯಿ ಇದೆ ಅಂತ ಯೋಚನೆ ಮಾಡ್ಬೇಡಿ. ಹುಲೀನೇ ತಂದು ಕೂರಿಸಿ. ಒಂದೇ ಒಂದು ನೂಲು ಎದ್ರೆ ನನ್ನ ಕೇಳಿ” ಎನ್ನುತ್ತಾ ಗ್ಯಾರಂಟಿ ಜೇಬಿನಿಂದ ಒಂದು ಮುಳ್ಳುಚಮಚ ತೆಗೆದು, ಸೋಫಾದ ಕೈಯ ಮೇಲೆ ಸರ್ರನೆ ಗೀಚಿ ತೋರಿಸುತ್ತಿದ್ದ. ಒಂದು ಗೆರೆಯೂ ಬೀಳುತ್ತಿರಲಿಲ್ಲ. ಗಿರಾಕಿಗಳು ಬಾಯಿ ತೆರೆದು ನಿಲ್ಲುತ್ತಿದ್ದರು. ಇದರ ಗುಟ್ಟು ಅವನೊಬ್ಬನಿಗೇ ಗೊತ್ತು: ಚಮಚವನ್ನು ಯಾವಾಗಲೂ ಹಾಸಿನ ನೂಲು, ಅಂದರೆ ಬಟ್ಟೆಯ ಉದ್ದದ ಎಳೆ, ಹೋದ ದಿಕ್ಕಿನಲ್ಲೇ ಎಳೆಯಬೇಕು. ಅಡ್ಡ ಎಳೆದರೆ ಬಟ್ಟೆ ಬಾಯಿ ಬಿಡುತ್ತದೆ. ಹದಿನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಅಡ್ಡ ಎಳೆದವನಲ್ಲ.

ಗ್ಯಾರಂಟಿ ಚೀಟಿಯ ಹಿಂಭಾಗದಲ್ಲಿ, ಇರುವೆಯ ಸಾಲಿನಂಥ ಅಕ್ಷರದಲ್ಲಿ, “ಸಾಕುಪ್ರಾಣಿಗಳಿಂದ ಆದ ಹಾನಿಗೆ ಇದು ಅನ್ವಯಿಸದು” ಎಂಬ ಸಾಲಿತ್ತು. ಅದನ್ನು ಬರೆದುಕೊಟ್ಟವನೂ ಅವನೇ. ಯಜಮಾನರು ಆ ದಿನ ಅವನ ಬೆನ್ನು ತಟ್ಟಿದ್ದರು.

ಅದೇ ಯಜಮಾನರು ಒಂದು ದಿನ, “ಮಾರೋನು ಮೊದಲು ತಾನು ಕೂತು ತೋರಿಸ್ಬೇಕಪ್ಪ” ಎಂದು ನೌಕರರ ರಿಯಾಯಿತಿಯಲ್ಲಿ ಅವನಿಗೂ ಒಂದು ಉಕ್ಕುರೇಷ್ಮೆಯ ಸೋಫಾ ದಾಟಿಸಿದರು. ಕೆನೆ ಬಣ್ಣ, ಮೂರು ಜನ ಕೂರುವಷ್ಟು ಉದ್ದ. ಎರಡು ಕೋಣೆಯ ಮನೆಯಲ್ಲಿ ಅದನ್ನಿಟ್ಟ ಮೇಲೆ ಅಡುಗೆಮನೆಗೆ ಹೋಗುವವರು ಪಕ್ಕಕ್ಕೆ ತಿರುಗಿ ಹೋಗಬೇಕಾಯಿತು. ಒಂದು ತಿಂಗಳು ಗ್ಯಾರಂಟಿ ಅದರ ಪ್ಲಾಸ್ಟಿಕ್ ಹಾಳೆ ತೆಗೆಯಲಿಲ್ಲ.

“ಕೂತ್ಕೊಳ್ಳೋಕೆ ತಂದ್ಯೋ, ಕೈಮುಗಿಯೋಕೆ ತಂದ್ಯೋ?” ಎಂದು ಕೇಳಿದ ತಾಯಿ ತನ್ನ ಹಳೆಯ ಬೆತ್ತದ ಕುರ್ಚಿಯಲ್ಲೇ ಕೂತಳು.

ಪ್ಲಾಸ್ಟಿಕ್ ತೆಗೆದ ವಾರದಲ್ಲೇ ಬೆಕ್ಕೂ ಬಂತು. ಅಂಗಡಿಯ ಗೋದಾಮಿನಲ್ಲಿ, ಸ್ಪಂಜಿನ ಸುರುಳಿಗಳ ನಡುವೆ, ತಾಯಿಬೆಕ್ಕು ಬಿಟ್ಟುಹೋದ ಒಂದು ಹೆಣ್ಣು ಮರಿ ಸಿಕ್ಕಿತ್ತು. “ಸಂಜೆಯೊಳಗೆ ಇದು ಇಲ್ಲಿರಬಾರದು” ಎಂದರು ಯಜಮಾನರು. ಗ್ಯಾರಂಟಿ ಅದನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಬೀದಿಯ ಮೂಲೆಯವರೆಗೆ ಹೋದ, ಕಸದ ತೊಟ್ಟಿಯ ಪಕ್ಕ ಇಟ್ಟ, ಹತ್ತು ಹೆಜ್ಜೆ ನಡೆದ, ಹಿಂತಿರುಗಿ ಬಂದು ಎತ್ತಿಕೊಂಡ. ಸುಳ್ಳು ಹೇಳುವುದಕ್ಕೆ ಎಂದೂ ಅಳುಕದ ಮನುಷ್ಯನಿಗೆ ಈ ಒಂದು ಕೆಲಸಕ್ಕೆ ಕೈ ಬರಲಿಲ್ಲ. ಅದರ ಮಟ್ಟಿಗೆ ಅವನನ್ನು ಹೊಗಳಲೇಬೇಕು, ಏಕೆಂದರೆ ಇನ್ನು ಮುಂದೆ ಸ್ವಲ್ಪ ದೂರ ಹೊಗಳುವಂಥದ್ದೇನೂ ಇಲ್ಲ.

ಮರಿ ಮನೆಯೊಳಗೆ ಕಾಲಿಟ್ಟದ್ದೇ ಗ್ಯಾರಂಟಿ, ಅವನ ತಾಯಿ, ಹೆಂಡತಿ ಮೂವರನ್ನೂ ಒಮ್ಮೆ ನೋಡಿ, ಯಾರನ್ನೂ ಮೆಚ್ಚದೆ, ಸೀದಾ ಸೋಫಾ ಹತ್ತಿ ಮಲಗಿತು. ತಾಯಿ ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಳು.

ಐದನೆಯ ದಿನ ಬೆಳಿಗ್ಗೆ ದೊರೆಸಾನಿ ಎದ್ದು, ಆಕಳಿಸಿ, ಸೋಫಾದ ಎಡಗೈಗೆ ಮುಂಗಾಲು ಚಾಚಿ, ಹತ್ತೂ ಉಗುರು ನೆಟ್ಟು, ಬೆನ್ನು ಬಿಲ್ಲಾಗಿಸಿ ಎಳೆದಳು. ಪರ್ ಪರ್ ಎಂದು ಸದ್ದಾಯಿತು. ಅವಳಿಗೆ ಉದ್ದದ ಹಾಸು ಯಾವುದು, ಅಡ್ಡದ ಹೊಕ್ಕು ಯಾವುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ನೂಲು ಎದ್ದಿದೆ ಕಣೋ. ಯಾರನ್ನ ಕೇಳ್ಲಿ?” ಎಂದಳು ತಾಯಿ.

“ಅದು ನೂಲಲ್ಲಮ್ಮ. ಹೊಸ ಬಟ್ಟೆ ಸ್ವಲ್ಪ ದಿನ ಹಾಗೆ ಉಸಿರಾಡತ್ತೆ.”

“ಹಾಗಾದ್ರೆ ಇದಕ್ಕೆ ಉಬ್ಬಸ” ಎಂದಳು ತಾಯಿ.

ವಾರದಲ್ಲಿ ಎಡಗೈಯ ಮೂಲೆಯಿಂದ ಸ್ಪಂಜು ಇಣುಕಿತು. ಗ್ಯಾರಂಟಿ ಸೋಫಾವನ್ನು ತಿರುಗಿಸಿ ಆ ಬದಿಯನ್ನು ಗೋಡೆಗೆ ಒತ್ತರಿಸಿದ. ದೊರೆಸಾನಿ ಬಲಗೈಗೆ ಬಂದಳು. ಗ್ಯಾರಂಟಿ ಗದರಿಸಿದ, ಅವಳು ಕಣ್ಣು ಅರ್ಧ ಮುಚ್ಚಿ ಕೇಳಿಸಿಕೊಂಡಳು. ಪೇಪರು ಸುತ್ತಿ ನೆಲಕ್ಕೆ ಬಡಿದ. ಅವಳು ಪೇಪರಿನೊಡನೆ ಆಡಲು ಬಂದಳು. ನೀರಿನ ಪಿಚಕಾರಿ ತಂದು ಹೊಂಚು ಹಾಕಿ ಕೂತ. ಎರಡೇ ದಿನದಲ್ಲಿ ಅವಳಿಗೆ ಒಂದು ಪಾಠ ಚೆನ್ನಾಗಿ ಮನದಟ್ಟಾಯಿತು: ಈ ಮನುಷ್ಯ ಮನೆಯಲ್ಲಿದ್ದಾಗ ಪರಚಬಾರದು. ಅವನು ಅಂಗಡಿಗೆ ಹೋಗಲು ಚಪ್ಪಲಿ ಮೆಟ್ಟುವ ಸದ್ದಿಗೇ ಅವಳು ಮೈಮುರಿದು ಏಳುತ್ತಿದ್ದಳು.

ಕಿತ್ತಳೆ ಸಿಪ್ಪೆ ಹರಡಿದರೆ ಬೆಕ್ಕು ಹತ್ತಿರ ಬರುವುದಿಲ್ಲ ಎಂದು ಅಂಗಡಿಯ ಡ್ರೈವರು ಹೇಳಿದ. ಬೆಕ್ಕು ಬರಲಿಲ್ಲ ನಿಜ, ಇರುವೆ ಬಂದವು. ಎರಡೂ ಬದಿ ಅಂಟುವ ಟೇಪು ಅಂಟಿಸಿದ. ಅದನ್ನು ಮರೆತು ತಾನೇ ಕೂತು, ಏಳುವಾಗ ಪ್ಯಾಂಟಿನ ಹಿಂಭಾಗವನ್ನು ಅರ್ಧ ಅಲ್ಲೇ ಬಿಟ್ಟು ಎದ್ದ. ಉಕ್ಕುರೇಷ್ಮೆಗೆ ಏನೂ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ ಇನ್ನೊಂದು ಮಾತೂ ಅಲ್ಲಿಗೆ ಸುಳ್ಳಾಯಿತು.

ಹೆಂಡತಿ ಇದನ್ನೆಲ್ಲ ನೋಡುತ್ತಲೇ ಇದ್ದಳು. ಅವಳು ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ ಹಿಡಿದವರನ್ನು, ಭುಜ ಬಿಗಿದವರನ್ನು ದಿನವಿಡೀ ಎಳೆದು, ಬಗ್ಗಿಸಿ, ಹುರಿಗೊಳಿಸುವವಳು.

“ಅವಳು ನಿಮ್ಮ ಮೇಲಿನ ಹಗೆಗೆ ಪರಚ್ತಿಲ್ಲ ಕಣ್ರೀ” ಎಂದಳು. “ಮಲಗಿ ಎದ್ದ ಕೂಡಲೇ ಮಾಡ್ತಾಳೆ, ನೋಡಿದ್ದೀರಾ? ಬೆನ್ನು, ಭುಜ, ಕಾಲು ಎಲ್ಲ ಒಟ್ಟಿಗೆ ಚಾಚ್ತಾಳೆ. ನಾನು ನನ್ನ ಪೇಷಂಟುಗಳಿಗೆ ದಿನಾ ಗೋಗರೆದು ಮಾಡಿಸೋ ಕೆಲಸಾನ ಇವಳು ಹೇಳಿಸ್ಕೊಳ್ದೆ ಮಾಡ್ತಿದ್ದಾಳೆ. ಹಿಡಿದು ಎಳೆಯೋಕೆ ಗಟ್ಟಿಯಾದ್ದು ಏನಾದ್ರೂ ಬೇಕು. ಒಂದು ಕಂಬ ಮಾಡಿಸಿ, ಹಗ್ಗ ಸುತ್ತಿ, ಸೋಫಾ ಪಕ್ಕ ಇಡಿ.”

“ಉಕ್ಕುರೇಷ್ಮೆ ಪಕ್ಕ ಕಾವಲಿಗೆ ಕಂಬ ಇಡ್ಬೇಕಾ? ನೋಡಿದವರು ಏನಂತಾರೆ?”

“ಸ್ಪಂಜು ನೋಡಿ ಏನಂತಾರೋ ಅದಕ್ಕಿಂತ ಕಡಿಮೆ ಅಂತಾರೆ.”

ಕೊನೆಗೆ ಅವನು ಎಲ್ಲರ ಬಾಯಿ ಮುಚ್ಚಿಸಲು ಒಂದು ರೆಡಿಮೇಡ್ ಕಂಬ ತಂದ. ಮೊಣಕಾಲೆತ್ತರ, ತೆಳ್ಳನೆಯ ತಳ, ತುದಿಯಲ್ಲಿ ಒಂದು ಗುಲಾಬಿ ಬಣ್ಣದ ಪುಕ್ಕ. ಅದನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲುಮನೆಯ ಬಾಗಿಲ ಹಿಂದೆ ಇಟ್ಟ. ದೊರೆಸಾನಿ ಹೋಗಿ ಮುಂಗಾಲು ಊರಿದಳು. ಕಂಬ ಅವಳ ಮೇಲೇ ಮಗುಚಿತು. ಆಮೇಲೆ ಅವಳು ಆ ಕಡೆ ತಲೆ ಹಾಕಿ ಮಲಗಲಿಲ್ಲ. “ನೋಡಿದ್ಯಾ? ಕಂಬದಿಂದ ಏನೂ ಆಗಲ್ಲ” ಎಂದ ಗ್ಯಾರಂಟಿ, ಗೆದ್ದವನಂತೆ.

ಆಗ ಅವನಿಗೆ ಹೊಳೆದದ್ದು ಕೊನೆಯ ಉಪಾಯ. ಉಗುರಿದ್ದರೆ ತಾನೆ ಪರಚುವುದು? ಹೆಂಡತಿಗೆ ಹೇಳದೆ ಅರ್ಧ ದಿನ ರಜೆ ಹಾಕಿ, ದೊರೆಸಾನಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದ.

ಡಾಕ್ಟರು ನಡುವಯಸ್ಸಿನ ಹೆಂಗಸು. ತೋಳು ಮಡಚಿದ ಹಸಿರು ಅಂಗಿ, ಮುಂಗೈ ತುಂಬ ಹಳೆಯ ಗೀರು. ದೊರೆಸಾನಿಯನ್ನು ಮೇಜಿನ ಮೇಲಿಟ್ಟು ಕಣ್ಣು, ಕಿವಿ, ಹಲ್ಲು ನೋಡಿದರು.

“ಚೆನ್ನಾಗಿದ್ದಾಳಲ್ಲ. ಏನು ತೊಂದರೆ?”

“ಉಗುರು ಡಾಕ್ಟ್ರೇ. ತೆಗೆಸ್ಬೇಕಿತ್ತು.”

“ತುದಿ ಕತ್ತರಿಸಬೇಕಾ?”

“ಅಲ್ಲ, ಪೂರ್ತಿ. ಮತ್ತೆ ಬರದ ಹಾಗೆ.”

ಡಾಕ್ಟರು ದೊರೆಸಾನಿಯ ಮೇಲಿದ್ದ ಕೈ ತೆಗೆಯಲಿಲ್ಲ. “ನಿಮ್ಮ ಕೈ ಕೊಡಿ” ಎಂದರು. ಅವನು ಕೊಟ್ಟ. ಅವನ ತೋರುಬೆರಳಿನ ಕೊನೆಯ ಗೆಣ್ಣಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದರು. “ಇಲ್ಲಿಗೆ ಕತ್ತರಿಸಬೇಕು. ಉಗುರು ಮಾತ್ರ ತೆಗೆಯೋಕೆ ಬರಲ್ಲ, ಅದು ಮೂಳೆಯಿಂದಲೇ ಹುಟ್ಟೋದು. ಹತ್ತು ಬೆರಳಿಗೂ ಹೀಗೇ. ಆಮೇಲೆ ಆ ಕಾಲಿನ ಮೇಲೇ ಅವಳು ಜೀವಮಾನವಿಡೀ ನಡೀಬೇಕು. ನಾನು ಮಾಡಲ್ಲ. ಮಾಡೋರ ಹತ್ತಿರ ಹೋಗ್ಲೂಬೇಡಿ. ಅಷ್ಟು ದೊಡ್ಡ ಆಸ್ತಿ ಏನಿದೆ ನಿಮ್ಮನೇಲಿ?”

“ಸೋಫಾ.”

“ಎಂಥ ಸೋಫಾ?”

ಗ್ಯಾರಂಟಿ ಗಂಟಲು ಸರಿಮಾಡಿಕೊಂಡ. “ಉಕ್ಕುರೇಷ್ಮೆ ಅಂತ...”

ಡಾಕ್ಟರು ಕನ್ನಡಕ ಹಣೆಗೇರಿಸಿ ಅವನ ಮುಖವನ್ನು, ಚೀಲದೊಳಗೆ ಏನಿದೆ ಎಂದು ನೋಡುವವರ ಹಾಗೆ, ನಿಧಾನವಾಗಿ ನೋಡಿದರು.

“ಹುಲೀನೇ ತಂದು ಕೂರಿಸಿ” ಎಂದರು.

ಗ್ಯಾರಂಟಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ನೆಲ ಮೊಸಾಯಿಕ್ ಹಾಸಿದ್ದು, ನುಂಗಲಿಲ್ಲ.

“ಎರಡು ವರ್ಷದ ಹಿಂದೆ ನೀವೇ ಮಾರಿದ್ದು. ಮುಳ್ಳುಚಮಚದಲ್ಲಿ ಗೀಚಿ ತೋರಿಸಿದ್ರಿ. ನನ್ನ ಮನೇಲಿ ಹುಲಿ ಇಲ್ಲಪ್ಪ, ಬೀದಿಯಿಂದ ತಂದ ಎರಡು ಗಂಡು ಬೆಕ್ಕಿವೆ. ಮೂರು ದಿನ ಬಂತು ನಿಮ್ಮ ಬಟ್ಟೆ. ದೂರು ಕೊಟ್ರೆ, ಚೀಟಿ ಹಿಂಭಾಗ ಓದ್ಕೊಳ್ಳಿ ಅಂತ ಉತ್ತರ ಬಂತು. ಕೆಳಗಡೆ ರುಜು ಯಾರದ್ದು ಅಂತ ನೆನಪಿದೆಯಾ?”

ಅವನಿಗೆ ನೆನಪಿರಲಿಲ್ಲ. ಅಂಥವುಗಳಿಗೆ ಅವನು ದಿನಕ್ಕೊಂದು ರುಜು ಹಾಕುತ್ತಿದ್ದ. ಆದರೂ ತಲೆಯಾಡಿಸಿದ.

“ಮತ್ತೆ... ನೀವೇನು ಮಾಡಿದ್ರಿ?” ಎಂದು ಮೆಲ್ಲಗೆ ಕೇಳಿದ. ಆ ಪ್ರಶ್ನೆ ಕೇಳಲು ಎಷ್ಟು ಮಾನಗೇಡಿಯಾಗಿರಬೇಕೋ ಅಷ್ಟು ಅವನಾಗಿದ್ದ.

ಡಾಕ್ಟರು ನಕ್ಕುಬಿಟ್ಟರು. “ಕಂಬ ಇಟ್ಟೆ. ಬೆಕ್ಕು ಪೂರ್ತಿ ಚಾಚಿದ್ರೂ ತುದಿ ಸಿಗದಷ್ಟು ಎತ್ತರ. ನೀವು ಒದ್ರೂ ಅಲ್ಲಾಡದಷ್ಟು ಭಾರ. ಒರಟು ಹಗ್ಗ. ಅವು ಎಲ್ಲಿ ಪರಚ್ತಿದ್ವೋ ಸರಿಯಾಗಿ ಅಲ್ಲೇ, ಸೋಫಾ ಮುಂದೆ. ಮೂಲೆಯಲ್ಲಿ ಬಚ್ಚಿಟ್ರೆ ಪ್ರಯೋಜನ ಇಲ್ಲ. ಇದು ನನ್ನ ಜಾಗ ಅಂತ ನಾಲ್ಕು ಜನಕ್ಕೆ ತೋರಿಸೋಕೂ ಅವು ಪರಚೋದು. ನೀವು ಸೋಫಾ ಯಾಕೆ ಹಜಾರದಲ್ಲಿ ಇಟ್ಟಿದ್ದೀರಿ? ಅದಕ್ಕೇ.”

ಉಗುರಿನ ತುದಿ ಮಾತ್ರ ಕತ್ತರಿಸಿ, ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿ ಎಂದು ತೋರಿಸಿಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಬುಟ್ಟಿಯ ಸಂದಿನಿಂದ ಒಂದು ಪಾದ ಹೊರಬಂದು ಅವನ ಬೆರಳನ್ನು ಹಿಡಿದುಕೊಂಡಿತು. ಉಗುರೆಲ್ಲ ಒಳಗಿತ್ತು, ಪಾದ ಮೆತ್ತಗೆ, ಬೆಚ್ಚಗೆ ಇತ್ತು. ಪೆನ್ನಿನ ಗೆರೆ ಇನ್ನೂ ಅಳಿಸಿರಲಿಲ್ಲ. ಗ್ಯಾರಂಟಿ ಕಿಟಕಿಯ ಕಡೆ ಮುಖ ತಿರುಗಿಸಿದ.

ಮನೆಗೆ ಬಂದು ಎಲ್ಲವನ್ನೂ ಹೇಳಿದ. ಮುಳ್ಳುಚಮಚದ ಮಾತನ್ನು ಮಾತ್ರ ನುಂಗಿಕೊಂಡ. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನವೇ ಅವಳು ಮರದ ಡಿಪೋಕ್ಕೆ ಹೋಗಿ ಸೊಂಟದೆತ್ತರದ ಒಂದು ತೊಲೆ, ಅದಕ್ಕೆ ಬಾಗಿಲಗಲದ ದಪ್ಪ ಹಲಗೆಯ ತಳ ಕೂಡಿಸಿಕೊಂಡು ಬಂದಳು. ತಾಯಿ ಬೆತ್ತದ ಕುರ್ಚಿಯಲ್ಲಿ ಕೂತು ಮೂರು ಮಧ್ಯಾಹ್ನ ಅದಕ್ಕೆ ನಾರಿನ ಹಗ್ಗ ಸುತ್ತಿದಳು, ಎಳೆಗೆ ಎಳೆ ಒತ್ತಿ, ಒಂದು ಕಡ್ಡಿ ತೂರಿಸಲು ಸಂದಿಲ್ಲದಂತೆ. “ಇದಕ್ಕೆ ನಾನು ಚೀಟಿ ಗೀಟಿ ಕೊಡಲ್ಲ. ಬೇಕಾದ್ರೆ ಎಳೆದು ನೋಡ್ಕೋ” ಎಂದಳು.

ಕಂಬ ಸೋಫಾದ ಬಲಗೈಯ ಮುಂದೆ ನಿಂತಿತು. ದೊರೆಸಾನಿ ಎರಡು ದಿನ ಅದನ್ನು ಸುತ್ತಿ ಸುತ್ತಿ ಮೂಸಿದಳು. ಮೂರನೆಯ ಬೆಳಿಗ್ಗೆ ಎದ್ದು, ಆಕಳಿಸಿ, ಕಂಬಕ್ಕೆ ಕಾಲು ಚಾಚಿ ಎಳೆದಳು. ಹಗ್ಗ ತಡೆಯಿತು, ಕಂಬ ಅಲ್ಲಾಡಲಿಲ್ಲ. ಅವಳ ಮುಖದಲ್ಲಿ, ಆ ಮನೆಗೆ ಬಂದಂದಿನಿಂದ ಮೊದಲ ಬಾರಿಗೆ, ಮೆಚ್ಚುಗೆಯಂಥದ್ದು ಕಂಡಿತು.

ಗ್ಯಾರಂಟಿಗೆ ಮಾತ್ರ ಅದು ಕಣ್ಣಲ್ಲಿ ಕಸ. ಅತಿಥಿಗಳು ಬರುತ್ತಾರೆಂದರೆ ಕಂಬವನ್ನು ಏದುಸಿರು ಬಿಡುತ್ತಾ ಕೋಣೆಗೆ ಎಳೆದೊಯ್ಯುತ್ತಿದ್ದ. ಗಂಟೆಯೊಳಗೆ ದೊರೆಸಾನಿ ಅತಿಥಿಗಳ ಎದುರೇ ಸೋಫಾಕ್ಕೆ ಕಾಲು ಕೊಡುತ್ತಿದ್ದಳು. ಮೂರು ಸಲ ಹೀಗಾದ ಮೇಲೆ ಎಳೆಯುವುದನ್ನು ಬಿಟ್ಟ. ಬುದ್ಧಿ ಬಂದದ್ದು ತಲೆಗೋ ಸೊಂಟಕ್ಕೋ, ಅದು ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ಎಣ್ಣೆ ತಿಕ್ಕಿದವಳು ಅವಳೇ.

ಇಷ್ಟಕ್ಕೆ ಎಲ್ಲ ಸರಿಹೋಗಬೇಕಿತ್ತು. ಆದರೆ ಅದೇ ತಿಂಗಳು ಯಜಮಾನರಿಗೆ ಜಾಹೀರಾತು ಮಾಡಿಸುವ ಹುಚ್ಚು ಹತ್ತಿತು.

“ನಿಜವಾದ ಮನೆ, ನಿಜವಾದ ಬೆಕ್ಕು, ನಮ್ಮದೇ ನೌಕರ! ಗೋದಾಮಿನಿಂದ ತಗೊಂಡು ಹೋದೆಯಲ್ಲ, ಆ ಮರಿ ಇದೆ ತಾನೇ?”

“ಇದೆ ಸರ್. ಆದ್ರೆ...”

“ಸೋಫಾ ಹೇಗಿದೆ?”

ಹದಿನಾಲ್ಕು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. “ನಿನ್ನೆ ತಂದ ಹಾಗಿದೆ ಸರ್” ಎಂದ ಗ್ಯಾರಂಟಿ. ಸಂಜೆ ಅಂಗಡಿಯ ಹೊಲಿಗೆಯವನ ಕೈಕಾಲು ಹಿಡಿದು, ಮನೆಗೆ ಕರೆತಂದು, ಎರಡೂ ಕೈಗೆ ಹೊಸ ಬಟ್ಟೆ ಹೊದಿಸಿದ. ಈಗ ಸೋಫಾ ನಿಜಕ್ಕೂ ನಿನ್ನೆ ತಂದ ಹಾಗಿತ್ತು. ಅವನ ಬಾಳಿನಲ್ಲಿ ಹೇಳಿದ ಮೇಲೆ ನಿಜವಾದ ಮಾತು ಇದೊಂದೇ.

ಭಾನುವಾರ ಬೆಳಿಗ್ಗೆ ಯಜಮಾನರು, ಕ್ಯಾಮೆರಾದವನು, ಎರಡು ದೊಡ್ಡ ದೀಪ, ಎಲ್ಲ ಬಂದು ಆ ಸಣ್ಣ ಹಜಾರ ತುಂಬಿತು. ತಾಯಿಯ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಸರಿಯಿತು. ದೊರೆಸಾನಿ ಸೋಫಾದ ನಡುವೆ ಚಕ್ಕುಲಿಯಂತೆ ಸುತ್ತಿಕೊಂಡು ಮಲಗಿದ್ದಳು.

“ಅದ್ಭುತ! ಹಾಗೇ ಹಿಡಿ, ಹಾಗೇ ಹಿಡಿ” ಎಂದರು ಯಜಮಾನರು. ಮಲಗಿದ ಬೆಕ್ಕನ್ನು ಹತ್ತು ನಿಮಿಷ ಹಿಡಿದದ್ದಾಯಿತು. ಆಮೇಲೆ ಅವರ ಕಣ್ಣು ಕಂಬದ ಮೇಲೆ ಬಿತ್ತು. “ಇದೇನಿದು, ದನ ಕಟ್ಟೋ ಗೂಟ? ತೆಗೀರಿ, ತೆಗೀರಿ. ನಾನು ಬೆಕ್ಕನ್ನ ತೊಡೆ ಮೇಲಿಟ್ಕೊಂಡು ಎರಡು ಮಾತಾಡ್ತೀನಿ.”

“ಸರ್, ಅದು ಅಲ್ಲೇ ಇದ್ರೆ...” ಎಂದ ಗ್ಯಾರಂಟಿ.

“ಯಾಕೆ?”

ಈಗ ಹೇಳಬಹುದಿತ್ತು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕಂಬವನ್ನು ತಬ್ಬಿಕೊಂಡು ಕೋಣೆಗೆ ಎಳೆದ.

ಯಜಮಾನರು ದೊರೆಸಾನಿಯನ್ನು ಎತ್ತಿ ತೊಡೆಗೆ ಹಾಕಿಕೊಂಡು ಕ್ಯಾಮೆರಾಕ್ಕೆ ಮುಗುಳ್ನಕ್ಕರು. “ನಿಮ್ಮ ಮನೆಯಲ್ಲೂ ಬೆಕ್ಕಿದೆಯೇ? ಚಿಂತೆ ಬಿಡಿ...” ನಿದ್ದೆ ಕೆಟ್ಟ ದೊರೆಸಾನಿ ಇಳಿದಳು, ಆಕಳಿಸಿದಳು, ಕಂಬವಿರುವ ಜಾಗಕ್ಕೆ ನಡೆದಳು. ಕಂಬವಿರಲಿಲ್ಲ. ಒಂದು ಕ್ಷಣ ಖಾಲಿ ನೆಲ ನೋಡಿದಳು. ಆಮೇಲೆ ತಿರುಗಿ, ಯಜಮಾನರ ಮೊಣಕೈ ಪಕ್ಕದಲ್ಲೇ, ಹೊಚ್ಚಹೊಸ ಉಕ್ಕುರೇಷ್ಮೆಗೆ ಹತ್ತೂ ಉಗುರು ನೆಟ್ಟಳು. “ಉಕ್ಕಿನಂಥ ಬಲ” ಎನ್ನುತ್ತಿದ್ದ ಯಜಮಾನರ ದನಿಯ ಹಿಂದೆ ಪರ್ರ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಕ್ಯಾಮೆರಾದವನು ತುಟಿ ಕಚ್ಚಿ ನಗು ತಡೆದ. ಭುಜ ಮಾತ್ರ ಕುಣಿಯುತ್ತಿತ್ತು.

“ಏನಯ್ಯಾ ಇದು?” ಎಂದು ಕಿರುಚಿದರು ಯಜಮಾನರು. “ಒದ್ದು ಓಡಿಸು ಅದನ್ನ!”

“ಅದನ್ನ ಯಾಕೆ ಬೈತೀರಿ?” ಎಂದಳು ತಾಯಿ, ಬಾಗಿಲಿನಿಂದಲೇ. “ಕಂಬ ತೆಗೆಸಿದ್ದು ನೀವು, ತೆಗೆದಿದ್ದು ನನ್ನ ಮಗ, ಕೊನೆಗೆ ಪರಚಿದ್ದು ಅದು. ಬೈಯೋದಾದ್ರೆ ವಯಸ್ಸಿನ ಪ್ರಕಾರ ಶುರು ಮಾಡಿ.”

ಗ್ಯಾರಂಟಿ ದೊರೆಸಾನಿಯನ್ನು ಎತ್ತಿಕೊಂಡ. ಅವಳ ಎದೆ ಪುಕಪುಕ ಹೊಡೆದುಕೊಳ್ಳುತ್ತಿತ್ತು. “ಬಟ್ಟೆ ತಡೆಯಲ್ಲ ಸರ್” ಎಂದ. ದನಿ ಅವನಿಗೇ ಗುರುತು ಸಿಗಲಿಲ್ಲ. “ಯಾವ ಬೆಕ್ಕು ಪರಚಿದ್ರೂ ತಡೆಯಲ್ಲ. ನಾನು ಚಮಚಾನ ಉದ್ದಕ್ಕೆ ಎಳೀತೀನಿ, ಅದಕ್ಕೆ ಹರಿಯಲ್ಲ. ಅಡ್ಡ ಎಳೆದ್ರೆ ಹರಿಯತ್ತೆ.”

ಯಜಮಾನರು ಅವನನ್ನು ಕನಿಕರದಿಂದ ನೋಡಿದರು, ಗಾಳಿ ಬೀಸುತ್ತದೆ ಎಂಬುದನ್ನು ಈಗ ಕಂಡುಹಿಡಿದವನನ್ನು ನೋಡುವ ಹಾಗೆ.

“ಅಡ್ಡ ಎಳೆದ್ರೆ ಹರಿಯತ್ತೆ ಅಂತ ನನಗೆ ಗೊತ್ತಿಲ್ವೇನಯ್ಯಾ?” ಎಂದರು. ಆಮೇಲೆ ಕ್ಯಾಮೆರಾದವನತ್ತ ತಿರುಗಿ, “ಮಲಗಿದ್ದು ಸರಿಯಾಗಿ ಬಂದಿದೆ ತಾನೇ?”

“ಬಂದಿದೆ ಸರ್.”

“ಸಾಕು. ಹೊರಡೋಣ.”

ಜಾಹೀರಾತು ಹದಿನೈದು ದಿನದಲ್ಲಿ ಹೊರಬಂತು. ಕೆನೆ ಬಣ್ಣದ ಸೋಫಾ, ಅದರ ಮೇಲೆ ಹಾಯಾಗಿ ಮಲಗಿದ ಬೆಕ್ಕು, ಕೆಳಗೆ ‘ಉಗುರು ಸೋತಿತು’ ಎಂಬ ದಪ್ಪ ಅಕ್ಷರ. ಬೆಕ್ಕು ಸಾಕಿದವರು ಮುಗಿಬಿದ್ದು ಕೊಂಡರು. ಮಾರಾಟದ ಜಾಗದಿಂದ ಗ್ಯಾರಂಟಿಯನ್ನು ಎಬ್ಬಿಸಿ, ಹಿಂದಿನ ಕೋಣೆಯ ದೂರಿನ ಮೇಜಿಗೆ ಕೂರಿಸಿದರು. “ಬೆಕ್ಕಿನ ವಿಷಯ ನಿನಗೆ ಚೆನ್ನಾಗಿ ಗೊತ್ತಲ್ಲ” ಎಂದರು ಯಜಮಾನರು. ಕಿಟಕಿಯಿಲ್ಲದ ಕೋಣೆ, ಒಂದು ಕುಂಟುವ ಫ್ಯಾನು, ಎದುರಿಗೆ ಸಿಟ್ಟಾದ ಜನರಿಗೆ ಎರಡು ಕುರ್ಚಿ. ಅವು ಉಕ್ಕುರೇಷ್ಮೆಯವಲ್ಲ, ಕಬ್ಬಿಣದವು.

ನಿಯಮದ ಪ್ರಕಾರ ಅವನು ಚೀಟಿಯ ಹಿಂಭಾಗವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಓದುತ್ತಿದ್ದ. ಬಂದವರು ಬೈಯುತ್ತಿದ್ದರು, ಅವನು ಕೇಳಿಸಿಕೊಳ್ಳುತ್ತಿದ್ದ. ಅವರು ಏಳುವ ಹೊತ್ತಿಗೆ, ಬಾಗಿಲ ಕಡೆ ಒಮ್ಮೆ ನೋಡಿ, ಕೂರಿ ಎಂದು ಸನ್ನೆ ಮಾಡಿ ದನಿ ತಗ್ಗಿಸುತ್ತಿದ್ದ: ಸೊಂಟದೆತ್ತರ, ಒದ್ದರೂ ಅಲ್ಲಾಡಬಾರದು, ಒರಟು ಹಗ್ಗ, ಸೋಫಾ ಮುಂದೆ ಅದೇ ಜಾಗದಲ್ಲಿ, ನಾಚಿಕೆ ಬಿಡಿ. ಕೆಲವರು ನಂಬಲಿಲ್ಲ. ಒಬ್ಬಾಕೆ, “ಇದನ್ನೂ ನೀವೇ ಮಾರ್ತೀರಾ?” ಎಂದು ಕೆಣಕಿದಳು. ಇಲ್ಲ, ಮರದ ಡಿಪೋಕ್ಕೆ ಹೋಗಿ ಎಂದ. ನಂಬಿದವರ ಪೈಕಿ ಎಷ್ಟೋ ಮಂದಿ ಎರಡನೆಯ ಸಲ ದೂರಿಗೆ ಬರಲಿಲ್ಲ. ನೆರೆಹೊರೆಯ ಬೆಕ್ಕಿನವರಿಗೂ ಅವರೇ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ದೂರಿನ ಪುಸ್ತಕದಲ್ಲಿ ಹಾಳೆಗಳು ಖಾಲಿ ಉಳಿಯತೊಡಗಿದವು. ಒಂದು ಬೆಳಿಗ್ಗೆ ಯಜಮಾನರೇ ಹಿಂದಿನ ಕೋಣೆಗೆ ಬಂದರು. ಪುಸ್ತಕ ತಿರುವಿದರು. ಮುಖ ಅರಳಿತು.

“ನೋಡಿದ್ಯಾ? ವಾರದಿಂದ ಒಂದೂ ದೂರಿಲ್ಲ. ಬಟ್ಟೆ ತಡೆಯಲ್ಲ ತಡೆಯಲ್ಲ ಅಂತ ಬಡ್ಕೊಂಡೆಯಲ್ಲ, ಅದೇ ಬಟ್ಟೆ, ಈಗ ಹೇಗೆ ತಡೀತಿದೆ? ಅವತ್ತು ನಿನ್ನ ಬೆಕ್ಕೇ ಸರಿಯಿರಲಿಲ್ಲ.” ಬಾಗಿಲವರೆಗೆ ಹೋಗಿ ತಿರುಗಿದರು. “ಬರೋ ತಿಂಗಳಿಂದ ಉಕ್ಕುರೇಷ್ಮೆಗೆ ಬೆಲೆ ಏರಿಸೋಣ ಅಂತಿದ್ದೀನಿ. ಏನಂತೀಯಾ?”

ಗ್ಯಾರಂಟಿ ತಲೆ ಎತ್ತಿ ಅವರನ್ನು ನೋಡಿದ. ಹೇಳಲು ಎಷ್ಟೋ ಇತ್ತು. ಹೊರಗೆ ಬೆಂಚಿನ ಮೇಲೆ ಬೆಕ್ಕಿನ ಬುಟ್ಟಿ ಹಿಡಿದ ಒಬ್ಬ ಮುದುಕ ಕಾಯುತ್ತಿದ್ದ. ಅವನಿಗೆ ಕಂಬದ ಅಳತೆ ಹೇಳಬೇಕಿತ್ತು.

“ಏರಿಸಿ ಸರ್” ಎಂದ, ಮತ್ತು ಮುದುಕನನ್ನು ಒಳಗೆ ಕರೆದ.